ಕಡಲ ಪಾಚಿ ತಿಂದರೆ ಶುಗರ್ ಇಳಿಯುತ್ತಾ?

ಓದುಗರೊಬ್ಬರ ಪತ್ರ: ನಮ್ಮ ತಂದೆಯವರಿಗೆ ಬಹಳ ವರ್ಷಗಳಿಂದ ಶುಗರ್ ಇದೆ. ಮೆಟ್‌ಫಾರ್ಮಿನ್ ತಗೊಳ್ತಾರೆ. ನೆಂಟರೊಬ್ಬರು ಕಡಲ ಪಾಚಿಯ ಕ್ಯಾಪ್ಸೂಲ್ ತಂದುಕೊಟ್ಟು, ‘ಇದನ್ನು ಶುರು ಮಾಡಿ, ಮಾತ್ರೆ ಬಿಟ್ಟುಬಿಡಿ, ವಿಜ್ಞಾನಿಗಳೇ ಒಪ್ಪಿದ್ದಾರೆ’ ಅಂದರು. ಎರಡು ತಿಂಗಳಿಂದ ಎರಡನ್ನೂ ನುಂಗುತ್ತಿದ್ದಾರೆ. ಈಗ ಮಾತ್ರೆ ಬಿಡುವ ಯೋಚನೆಯಲ್ಲಿದ್ದಾರೆ. ವಿಜ್ಞಾನಿಗಳು ನಿಜವಾಗಿಯೂ ಹಾಗೆ ಹೇಳಿದ್ದಾರಾ? ಅವರಿಗೆ ಏನಂತ ಹೇಳಲಿ?

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ತುರ್ತಿನ ಮಾತು. ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ ಅಂತ ತಂದೆಯವರಿಗೆ ಇವತ್ತೇ ಹೇಳಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಿಮ್ಮ ನೆಂಟರು ಪೂರ್ತಿ ಸುಳ್ಳು ಹೇಳಿಲ್ಲ. ಕಂದು ಬಣ್ಣದ ಕಡಲ ಪಾಚಿಗಳಲ್ಲಿ ಫ್ಲೋರೋಟ್ಯಾನಿನ್ ಅನ್ನುವ ಪದಾರ್ಥಗಳಿವೆ. ನಾವು ತಿಂದ ಪಿಷ್ಟವನ್ನು ಅಮೈಲೇಸ್ ಅನ್ನುವ ಕಿಣ್ವ ಮೊದಲು ಚಿಕ್ಕ ಚಿಕ್ಕ ತುಂಡು ಮಾಡುತ್ತದೆ. ಆಮೇಲೆ ಸಣ್ಣ ಕರುಳಿನ ಗೋಡೆಯಲ್ಲಿರುವ ಗ್ಲೂಕೋಸಿಡೇಸ್ ಆ ತುಂಡುಗಳನ್ನು ಗ್ಲೂಕೋಸ್ ಆಗಿ ಬಿಡಿಸುತ್ತದೆ. ಈ ಎರಡು ಕಿಣ್ವಗಳ ಕೈ ಕಟ್ಟಿದರೆ ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಸೇರುತ್ತದೆ. ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಫ್ಲೋರೋಟ್ಯಾನಿನ್‌ಗಳು ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಇದೇ ದಾರಿಯಲ್ಲಿ ಕೆಲಸ ಮಾಡುವ ಅಕಾರ್ಬೋಸ್ ಅನ್ನುವ ಮಾತ್ರೆ ಬಹಳ ಕಾಲದಿಂದ ಬಳಕೆಯಲ್ಲಿದೆ. ಅದನ್ನು ನುಂಗಿದವರಿಗೆ ಹೊಟ್ಟೆಯ ಗುಡುಗುಡು ಎಂಥದ್ದು ಅಂತ ಗೊತ್ತಿರುತ್ತದೆ. ಜೀರ್ಣವಾಗದೆ ಉಳಿದ ಪಿಷ್ಟ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಗ್ಯಾಸ್ ಆಗುತ್ತದೆ.

ಗಾಜಿನ ನಳಿಕೆ ಬೇರೆ, ಮನುಷ್ಯನ ಹೊಟ್ಟೆ ಬೇರೆ ಅಲ್ವಾ? 2011ರಲ್ಲಿ ಕೆನಡಾದಲ್ಲಿ 23 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಎರಡು ಜಾತಿಯ ಕಂದು ಪಾಚಿಯ ಸಾರವನ್ನು 500 ಮಿಲಿಗ್ರಾಂ ಕೊಟ್ಟು, ಅರ್ಧ ಗಂಟೆ ಬಿಟ್ಟು ಬ್ರೆಡ್ ತಿನ್ನಿಸಿದರು. ರಕ್ತದ ಸಕ್ಕರೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅದೇ ಬ್ರೆಡ್ಡಿನ ಸಕ್ಕರೆಯನ್ನು ಹತೋಟಿಯಲ್ಲಿಡಲು ದೇಹ ಸುರಿಸಿದ ಇನ್ಸುಲಿನ್ ಸುಮಾರು 12 ಶೇಕಡಾ ಕಡಿಮೆಯಾಗಿತ್ತು. ಇದು ಒಳ್ಳೆಯ ಸುಳಿವೇ. ಆದರೆ ‘ಶುಗರ್ ಇಳಿಯಿತು’ ಅನ್ನುವುದು ಬೇರೆ ಮಾತು. 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 2,000 ಮಿಲಿಗ್ರಾಂವರೆಗೂ ಕೊಟ್ಟು ನೋಡಿದರು. ಆರೋಗ್ಯವಂತರಲ್ಲಿ ಊಟದ ನಂತರದ ಸಕ್ಕರೆ ಜಗ್ಗಲಿಲ್ಲ.

ಹಾಗಾದರೆ ಮಧುಮೇಹ ಇರುವವರಲ್ಲಿ ಇಳಿದದ್ದೇ ಇಲ್ಲವಾ? ಇಳಿದಿದೆ. ಕೊರಿಯಾದ ಒಂದು ಸಣ್ಣ ಅಧ್ಯಯನದಲ್ಲಿ, ಟೈಪ್ 2 ಮಧುಮೇಹ ಇರುವವರು ನಾಲ್ಕು ವಾರ ಪಾಚಿಯ ಪುಡಿ ತಿಂದಾಗ ಖಾಲಿ ಹೊಟ್ಟೆಯ ಸಕ್ಕರೆ, ಊಟದ ನಂತರದ ಸಕ್ಕರೆ ಎರಡೂ ಕಡಿಮೆಯಾದವು. ಎಷ್ಟು ತಿಂದರು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ದಿನಕ್ಕೆ 48 ಗ್ರಾಂ ಒಣ ಪುಡಿ! ಅರ್ಧ ಗ್ರಾಂನ ಕ್ಯಾಪ್ಸೂಲ್ ಆದರೆ ದಿನಕ್ಕೆ 96 ನುಂಗಬೇಕು. ಅಷ್ಟು ಪುಡಿಯ ಜೊತೆ ನಾರಿನಂಶವೂ ಜಾಸ್ತಿ ಹೋಗುತ್ತದೆ. ಸಕ್ಕರೆ ಇಳಿದದ್ದರಲ್ಲಿ ಅದರ ಪಾಲೂ ಇರಬಹುದು.

ಇಲ್ಲೇ ಅಯೋಡಿನ್ ತಕರಾರು ಬರುವುದು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ. ಕೆಲ್ಪ್ ಜಾತಿಯ ಕೆಲವು ಪಾಚಿಗಳಲ್ಲಿ ಒಂದೇ ಗ್ರಾಂನಲ್ಲಿ 2,000 ಮೈಕ್ರೋಗ್ರಾಂ ದಾಟುವುದುಂಟು. ಇಷ್ಟು ಸುರಿದರೆ ಥೈರಾಯ್ಡ್ ಕೆಲವರಲ್ಲಿ ಮಂಕಾಗುತ್ತದೆ, ಕೆಲವರಲ್ಲಿ ಅತಿಯಾಗಿ ಓಡುತ್ತದೆ. ಜಾತಿ, ಬೆಳೆದ ಕಡಲು, ಕೊಯ್ದ ಕಾಲ, ಒಣಗಿಸಿದ ರೀತಿ ಬದಲಾದಂತೆ ಒಳಗಿನ ಪ್ರಮಾಣವೂ ಬದಲಾಗುತ್ತದೆ. ಹಿಜಿಕಿ ಅನ್ನುವ ಜಾತಿಯಲ್ಲಂತೂ ಆರ್ಸೆನಿಕ್ ಜಾಸ್ತಿ. ಮಾತ್ರೆ ಅಂದಮೇಲೆ ಪ್ರತಿ ಗುಳಿಗೆಯಲ್ಲೂ ಒಂದೇ ಅಳತೆಯ ಮದ್ದು ಇರಬೇಕು. ಸುಮ್ನೆ ಪುಡಿ ತುಂಬಿದ ಕ್ಯಾಪ್ಸೂಲ್‌ಗೆ ಆ ಖಾತ್ರಿ ಇಲ್ಲ.

‘ನೈಸರ್ಗಿಕ’ ಅನ್ನುವುದರ ಮೇಲೆ ನನಗೇನೂ ಸಿಟ್ಟಿಲ್ಲ. ತಂದೆಯವರ ಮೆಟ್‌ಫಾರ್ಮಿನ್‌ನ ಮೂಲವೂ ಒಂದು ಗಿಡವೇ. ಯುರೋಪಿನಲ್ಲಿ ಬೆಳೆಯುವ ಗಲೀಗಾ ಗಿಡದಲ್ಲಿರುವ ಗಲೀಜಿನ್ ಸಕ್ಕರೆ ಇಳಿಸುತ್ತಿತ್ತು, ಜೊತೆಗೆ ವಿಷವೂ ಆಗಿತ್ತು. ಅದರ ಸೌಮ್ಯವಾದ ಬಂಧು ಮೆಟ್‌ಫಾರ್ಮಿನ್ ಪ್ರಯೋಗಾಲಯದಲ್ಲಿ ತಯಾರಾದದ್ದು 1922ರಲ್ಲಿ. ಮಧುಮೇಹಿಗಳಿಗೆ ಕೊಟ್ಟು ನೋಡಿದ ವರದಿಯನ್ನು ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಪ್ರಕಟಿಸಿದ್ದು 1957ರಲ್ಲಿ. ನಡುವೆ 35 ವರ್ಷ! ಪಾಚಿಯ ಫ್ಲೋರೋಟ್ಯಾನಿನ್ ಈ ದಾರಿಯಲ್ಲಿ ಇನ್ನೂ ಶುರುವಿನಲ್ಲೇ ಇದೆ. ಅದನ್ನು ಆಗಲೇ ಡಬ್ಬಿಗೆ ತುಂಬಿ ಮಾರುವವರ ಅವಸರ ನನಗೆ ಇಷ್ಟವಾಗುವುದಿಲ್ಲ, ಅಷ್ಟೇ.

ನನ್ನನ್ನು ಕೇಳಿದರೆ, ಪಾಚಿ ಮತ್ತು ಮಧುಮೇಹದ ನಿಜವಾದ ಸ್ವಾರಸ್ಯ ಇರುವುದು ಕ್ಯಾಪ್ಸೂಲ್‌ನಲ್ಲಿ ಅಲ್ಲ, ಮಣಿಯಲ್ಲಿ. ಕಂದು ಪಾಚಿಯಿಂದ ಅಲ್ಜಿನೇಟ್ ಅನ್ನುವ ಅಂಟು ತೆಗೆಯುತ್ತಾರೆ. ಅದರ ದ್ರಾವಣವನ್ನು ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿ ಹನಿಯಾಗಿ ಬಿಟ್ಟರೆ, ಪ್ರತಿ ಹನಿಯೂ ಬಿದ್ದ ತಕ್ಷಣ ಮೆತ್ತನೆಯ ಪಾರದರ್ಶಕ ಮಣಿಯಾಗುತ್ತದೆ. ಆ ಹನಿಯೊಳಗೆ ಮೊದಲೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಬೆರೆಸಿದ್ದರೆ? ಮಣಿಯ ಗೋಡೆ ಜರಡಿಯ ಹಾಗೆ. ಗ್ಲೂಕೋಸ್, ಆಮ್ಲಜನಕ ಒಳಗೆ ಬರುತ್ತವೆ, ಇನ್ಸುಲಿನ್ ಹೊರಗೆ ಹೋಗುತ್ತದೆ. ದೇಹದ ರಕ್ಷಣಾ ಕೋಶಗಳಿಗೆ ಮಾತ್ರ ಒಳಗೆ ಪ್ರವೇಶವಿಲ್ಲ. ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ಕೋಶಗಳನ್ನು ಕೊಲ್ಲುವುದು ಇದೇ ರಕ್ಷಣಾ ಪಡೆ ತಾನೆ?

1980ರಲ್ಲಿ ಲಿಮ್ ಮತ್ತು ಸನ್ ಅನ್ನುವ ಇಬ್ಬರು ಇಂಥ ಮಣಿಗಳಿಂದ ಮಧುಮೇಹದ ಇಲಿಗಳ ಸಕ್ಕರೆಯನ್ನು ಎರಡು-ಮೂರು ವಾರ ಹತೋಟಿಯಲ್ಲಿಟ್ಟರು. 1994ರಲ್ಲಿ ಒಬ್ಬ ರೋಗಿ ಒಂಬತ್ತು ತಿಂಗಳು ಇನ್ಸುಲಿನ್ ಚುಚ್ಚಿಕೊಳ್ಳದೆ ಇದ್ದ ವರದಿ ಬಂತು. ಆದರೆ ಆತ ಮೂತ್ರಪಿಂಡದ ಕಸಿಗಾಗಿ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧವನ್ನೂ ತಗೊಳ್ಳುತ್ತಿದ್ದ. ಹಾಗಾಗಿ ಯಶಸ್ಸನ್ನೆಲ್ಲ ಮಣಿಯ ಲೆಕ್ಕಕ್ಕೇ ಬರೆಯಲಾಗದು. ದೊಡ್ಡ ತೊಡಕು ಇನ್ನೊಂದಿದೆ. ಮಣಿ ಹೊರಗಿನದು ಅಂತ ದೇಹಕ್ಕೆ ಗೊತ್ತಾಗಿ, ಅದರ ಸುತ್ತ ಗಾಯದ ಕಲೆಯಂಥ ಪದರ ಕಟ್ಟುತ್ತದೆ. ಒಳಗಿನ ಕೋಶಗಳು ಉಸಿರುಗಟ್ಟಿ ಸಾಯುತ್ತವೆ. 2016ರಲ್ಲಿ ಅಮೆರಿಕದ ಎಂಐಟಿ ಮತ್ತಿತರ ಕಡೆಯ ಸಂಶೋಧಕರು ಅಲ್ಜಿನೇಟ್‌ನ ರಸಾಯನವನ್ನೇ ಸ್ವಲ್ಪ ತಿದ್ದಿ, ಇಲಿಗಳಲ್ಲಿ 174 ದಿನ ಮಣಿಗಳನ್ನು ಬದುಕಿಸಿಕೊಂಡರು. ಇದು ನಿಮ್ಮ ತಂದೆಯವರಿಗೆ ಈಗ ಉಪಯೋಗಕ್ಕೆ ಬರುವುದಲ್ಲ. ಆದರೂ ‘ವಿಜ್ಞಾನಿಗಳು ನಿಜವಾಗಿಯೂ ಹಾಗೆ ಹೇಳಿದ್ದಾರಾ’ ಅಂತ ಕೇಳಿದ್ದೀರಲ್ಲ, ಹೇಳದಿರಲು ಮನಸ್ಸಾಗಲಿಲ್ಲ.

ಈಗ ಮನೆಯಲ್ಲಿರುವ ಡಬ್ಬಿಯ ವಿಷಯ. ಯಾವ ಜಾತಿಯ ಪಾಚಿ, ಒಂದು ಕ್ಯಾಪ್ಸೂಲ್‌ನಲ್ಲಿ ಅಯೋಡಿನ್ ಎಷ್ಟು ಅಂತ ಅದರ ಮೇಲೆ ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ಇವತ್ತಿಗೇ ನಿಲ್ಲಿಸಿ. ಬರೆದಿದ್ದರೂ ಡಬ್ಬಿಯನ್ನು ಡಾಕ್ಟರಿಗೆ ತೋರಿಸಿ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುತ್ತಿದ್ದರೆ ಅದನ್ನು ತಪ್ಪದೇ ಹೇಳಿ. ಕೆಲವು ಪಾಚಿಗಳಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸ ಕೆಡಿಸಬಹುದು. ಎರಡು ತಿಂಗಳು ನುಂಗಿರುವುದರಿಂದ, ಮುಂದಿನ ಸಲ ಶುಗರ್‌ಗೆ ರಕ್ತ ಕೊಡುವಾಗ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಈ ನಡುವೆ ಎದೆ ಡವಗುಟ್ಟುವುದು, ಕೈ ನಡುಗುವುದು, ಕಾರಣವಿಲ್ಲದೆ ತೂಕ ಏರುಪೇರಾಗುವುದು ಕಂಡರೆ ಅಲ್ಲಿವರೆಗೆ ಕಾಯಬೇಡಿ.

— ಸಂಪಾದಕರು