ಮೊದಲು ಅಗ್ಗಿಷ್ಟಿಕೆ ಹೊರಗಿಡಿ

ಪ್ರಶ್ನೆ: ಸಕಲೇಶಪುರದ ಕಡೆ ಹಳೆಯ ಬಂಗಲೆಯೊಂದರಲ್ಲಿ ರಾತ್ರಿ ಕಾವಲು ಕಾಯುತ್ತೇನೆ, ಒಬ್ಬನೇ. ಮಳೆ ಹಿಡಿದಾಗಿನಿಂದ ಚಳಿಗೆ ಬಾಗಿಲು ಹಾಕಿಕೊಂಡು ಇದ್ದಿಲಿನ ಅಗ್ಗಿಷ್ಟಿಕೆ ಮುಂದೆ ಕೂರುತ್ತೇನೆ. ನಡುರಾತ್ರಿ ದಾಟಿದರೆ ಅಟ್ಟದಲ್ಲಿ ಹೆಜ್ಜೆ ಸಪ್ಪಳ, ಬೆನ್ನ ಹಿಂದೆ ಯಾರೋ ನಿಂತ ಹಾಗೆ, ಎದೆಯ ಮೇಲೆ ಭಾರ. ಬೆಳಿಗ್ಗೆ ತಲೆ ಸಿಡಿಯುತ್ತದೆ. ಮನೆಗೆ ಬಂದ ಮೇಲೆ ಇಳಿಯುತ್ತದೆ. ಗೆಳೆಯರು ನಗುತ್ತಾರೆ. ಅಮ್ಮ ತಾಯಿತ ಕಟ್ಟಿಸಿದ್ದಾರೆ. ಕೆಲಸ ಬಿಡಲೇ?

ಉತ್ತರ: ಕೆಲಸದ ಮಾತು ಆಮೇಲೆ. ಇವತ್ತು ರಾತ್ರಿಯಿಂದಲೇ ಆ ಅಗ್ಗಿಷ್ಟಿಕೆ ಕೋಣೆಯೊಳಗೆ ಬರಕೂಡದು. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಮುಚ್ಚಿದ ಬಾಗಿಲು ಮತ್ತು ಮನೆಗೆ ಬಂದರೆ ಇಳಿಯುವ ಆ ತಲೆನೋವು.

ಇದ್ದಿಲಿನ ಹೊಗೆ ನಿಂತು ನಿಗಿನಿಗಿ ಕೆಂಡವಾದರೆ ಅಪಾಯ ಕಳೆಯಿತೆಂದು ಬಹಳ ಜನ ನಂಬಿದ್ದಾರೆ. ಆ ಕೆಂಡದಿಂದಲೇ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ತಲೆನೋವು, ಎದೆಭಾರ, ಗಲಿಬಿಲಿ ಶುರುವಾಗುತ್ತವೆ. ನಿದ್ದೆ ಹತ್ತಿದವರು ಏಳದೇ ಹೋದದ್ದೂ ಉಂಟು. ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ 1921ರಲ್ಲಿ ಒಂದು ಕುಟುಂಬದ ಅನುಭವ ಪ್ರಕಟಿಸಿದ್ದರು. ಹಳೆಯ ಮನೆಗೆ ಬಂದ ಮೇಲೆ ಅವರಿಗೂ ಹೆಜ್ಜೆ ಸಪ್ಪಳ ಕೇಳಿಸುತ್ತಿತ್ತು, ಯಾರ್‍ಯಾರೋ ಕಾಣಿಸುತ್ತಿದ್ದರು, ತಲೆ ನೋಯುತ್ತಿತ್ತು. ಮನೆ ಬೆಚ್ಚಗಿಡುವ ಒಲೆ ಕೆಟ್ಟು, ಇದೇ ಅನಿಲವಿದ್ದ ಅದರ ಹೊಗೆ ಚಿಮಣಿ ಬಿಟ್ಟು ಕೋಣೆಗಳಿಗೆ ನುಗ್ಗುತ್ತಿತ್ತು. ಒಲೆ ರಿಪೇರಿಯಾಯಿತು, ಕಾಟವೂ ನಿಂತಿತು.

ಹಾಗಾಗಿ ನೀವು ಹೇಡಿಯಲ್ಲ, ಸುಳ್ಳನೂ ಅಲ್ಲ. ನಕ್ಕ ಗೆಳೆಯರು ಒಂದು ರಾತ್ರಿ ನಿಮ್ಮ ಜೊತೆ ಬಂದು ಕೂರಬೇಕಿತ್ತು.

ಇಂದೇ ಆಸ್ಪತ್ರೆಗೆ ಹೋಗಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಳ್ಳುತ್ತಿದ್ದೆ ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ನೋವಿನ ಮಾತ್ರೆ ಕೊಟ್ಟು ಕಳುಹಿಸಿಬಿಡಬಹುದು. ಚಳಿಗೆ ದಪ್ಪ ಕಂಬಳಿ, ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಇರಲಿ. ಕಿಟಕಿ ಒಂದಿಷ್ಟು ತೆರೆದಿರಲಿ.

ಹಗಲು ಹೊತ್ತಿನಲ್ಲಿ ಇನ್ನೊಬ್ಬರನ್ನು ಕರೆದುಕೊಂಡು ಅಟ್ಟ ಹತ್ತಿ ನೋಡಿ. ಹೆಂಚಿನ ಮಾಡಿನಡಿ ಪುನುಗು ಬೆಕ್ಕು ಸೇರಿಕೊಳ್ಳುವುದು ಮಲೆನಾಡಿಗೆ ಹೊಸದಲ್ಲ. ಹಳೆಯ ಹಲಗೆಯ ಮೇಲೆ ಅದು ಓಡಾಡಿದರೆ ಮನುಷ್ಯರೇ ನಡೆದ ಹಾಗೆ ಕೇಳಿಸುತ್ತದೆ.

ತಾಯಿತ ಇರಲಿ, ಅಮ್ಮನ ಜೀವಕ್ಕೆ ಸಮಾಧಾನ. ಆದರೆ ಅಗ್ಗಿಷ್ಟಿಕೆಯ ವಿಷಯವನ್ನೂ ಅವರಿಗೆ ಹೇಳಿ. ಮನೆಯಲ್ಲೂ ಹೀಗೇ ಕೆಂಡ ಇಟ್ಟುಕೊಂಡು ಮಲಗುತ್ತಿರಬಹುದು. ಕೆಂಡ ಬಿಟ್ಟ ಮೇಲೂ ಯಾರೋ ಇದ್ದಾರೆನ್ನುವುದು ಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು. ನಿದ್ದೆಗೆಟ್ಟು ಒಬ್ಬರೇ ಇರುವವರ ಮನಸ್ಸು ದಣಿಯುತ್ತದೆ. ಪಾಳಿಗೆ ಜೊತೆಗೊಬ್ಬರನ್ನು ಕೊಡಿ ಎಂದು ಮಾಲೀಕರನ್ನು ಕೇಳಿ. ಅವರು ಒಪ್ಪದಿದ್ದರೆ, ಆಗ ಬೇರೆ ಕೆಲಸ ಹುಡುಕಿ.