ಹಂದಿಯ ಕರುಳಿಗೆ ಕೊಳವೆ ಏಕೆ?

ಪ್ರಶ್ನೆ: ಹಂದಿಗಳ ಜೀರ್ಣಕ್ರಿಯೆ ಮತ್ತು ಕರುಳಿನ ಆರೋಗ್ಯವನ್ನು ಅಭ್ಯಸಿಸಲು ಶಸ್ತ್ರಚಿಕಿತ್ಸೆ ಮಾಡಿ ಕರುಳಿಗೆ ಕೊಳವೆ ಅಳವಡಿಸುತ್ತಾರೆಂದು ಓದಿದೆ. ಮಲಪರೀಕ್ಷೆ ಸಾಲದೇ? ಪ್ರಾಣಿಗೆ ಇದು ಹಿಂಸೆಯಲ್ಲವೇ?
– ಪಶುವೈದ್ಯಕೀಯ ವಿದ್ಯಾರ್ಥಿನಿ

ಉತ್ತರ: ಪ್ರೋಟೀನಿನ ಮಟ್ಟಿಗೆ ಮಲಪರೀಕ್ಷೆ ದಾರಿ ತಪ್ಪಿಸುತ್ತದೆ. ಪ್ರೋಟೀನು ಒಡೆದಾಗ ಸಿಗುವ ಅಮೈನೋ ಆಮ್ಲಗಳು ರಕ್ತಕ್ಕೆ ಸೇರುವುದು ಬಹುಮಟ್ಟಿಗೆ ಸಣ್ಣ ಕರುಳಿನಲ್ಲಿ. ಅಲ್ಲಿ ಉಳಿದದ್ದನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಒಡೆದು ಅಮೋನಿಯಾ ಮೊದಲಾದವುಗಳನ್ನಾಗಿ ಮಾಡುತ್ತವೆ. ಪ್ರೋಟೀನಿನಿಂದ ಹೀಗೆ ಬೇರ್ಪಟ್ಟ ಸಾರಜನಕ ಮಲದಲ್ಲಿ ಕಾಣಿಸದಿದ್ದರೂ ಹಂದಿಯ ಮೈಗೆ ಹಿಡಿದಿರುವುದಿಲ್ಲ. ಆದ್ದರಿಂದ ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಂನಲ್ಲೇ ಮಾದರಿ ಹಿಡಿಯಬೇಕಾಗುತ್ತದೆ. ಮನುಷ್ಯರ ಆಹಾರದಲ್ಲಿರುವ ಪ್ರೋಟೀನಿನ ಗುಣಮಟ್ಟವನ್ನು ಅಳೆಯಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಪ್ರಕಟಿಸಿದ ವರದಿಯೂ ಇಲಿಯಂ ಮಟ್ಟದ ಲೆಕ್ಕವನ್ನೇ ಶಿಫಾರಸು ಮಾಡಿದೆ; ಮನುಷ್ಯರಿಂದ ಅಂಕಿಅಂಶ ಸಿಗದ ಕಡೆ ಬೆಳೆಯುವ ಹಂದಿಯದನ್ನು ಬಳಸಬಹುದೆಂದಿದೆ.

ಇದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಟಿ-ಕ್ಯಾನುಲಾ ಎಂಬ ಕೊಳವೆ. ಅರಿವಳಿಕೆ ಕೊಟ್ಟು, ದೊಡ್ಡ ಕರುಳಿನ ಕವಾಟಕ್ಕಿಂತ ಸ್ವಲ್ಪ ಮೊದಲು ಇಲಿಯಂ ಅನ್ನು ಸೀಳಿ, ಟಿ ಆಕಾರದ ಕೊಳವೆಯ ಅಡ್ಡಭಾಗವನ್ನು ಒಳಗಿರಿಸಿ ಹೊಲಿಯುತ್ತಾರೆ. ಅದರ ಕಾಂಡವನ್ನು ಬಲಪಕ್ಕೆಯಿಂದ ಹೊರತರುತ್ತಾರೆ. ಚೇತರಿಕೆಯ ನಂತರ, ಹೊಸ ಆಹಾರಕ್ಕೆ ಕೆಲವು ದಿನ ಒಗ್ಗಿಸಿ, ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಜೀರ್ಣರಸ ಬೆರೆತ ಆಹಾರವನ್ನು ಸಂಗ್ರಹಿಸಿ, ಸೂಕ್ಷ್ಮಜೀವಿಗಳು ಅದನ್ನು ಮತ್ತಷ್ಟು ಒಡೆಯದಂತೆ ಕೂಡಲೇ ಹೆಪ್ಪುಗಟ್ಟಿಸುತ್ತಾರೆ. ಚೀಲಕ್ಕೆ ಬರುವುದು ಒಂದು ಪಾಲು ಮಾತ್ರ, ಉಳಿದದ್ದು ಮುಂದಕ್ಕೆ ಹರಿದುಹೋಗುತ್ತದೆ. ಆ ಕಾರಣಕ್ಕೆ ಟೈಟಾನಿಯಂ ಡೈಆಕ್ಸೈಡ್‌ನಂಥ ಜೀರ್ಣವಾಗದ ಗುರುತುವಸ್ತುವನ್ನು ಆಹಾರದಲ್ಲಿ ಬೆರೆಸಿ, ಸಂಗ್ರಹಿಸಿದ ಮಾದರಿಯಲ್ಲಿ ಅದರ ಪ್ರಮಾಣ ಎಷ್ಟು ಏರಿದೆ ಎಂಬುದರಿಂದ ಜೀರ್ಣವಾದ ಪಾಲನ್ನು ಲೆಕ್ಕ ಹಾಕುತ್ತಾರೆ.

ಇಲಿಯಂ ಅನ್ನು ಕತ್ತರಿಸಿ ನೇರವಾಗಿ ಗುದನಾಳಕ್ಕೆ ಜೋಡಿಸುವ ವಿಧಾನದಲ್ಲಿ ಸಂಗ್ರಹ ಸುಲಭ. ಆದರೆ ನೀರು, ಸೋಡಿಯಂ ಹೀರುವ ದೊಡ್ಡ ಕರುಳೇ ಬದಿಗೆ ಸರಿಯುವುದರಿಂದ ಲವಣಗಳನ್ನು ಮೇಲಿಂದ ಕೊಡಬೇಕಾಗುತ್ತದೆ. ಇಂಥ ಹಂದಿಯನ್ನು ಕರುಳಿನ ಆರೋಗ್ಯದ ಮಾದರಿ ಎನ್ನಲು ನನಗೆ ಮನಸ್ಸು ಒಪ್ಪದು. ಅಳೆಯಹೊರಟ ವ್ಯವಸ್ಥೆಯನ್ನೇ ಅಲ್ಲಿ ಬದಲಿಸಿಬಿಟ್ಟಿರುತ್ತೇವೆ.

ಭೇದಿಯ ಅಧ್ಯಯನಕ್ಕೆ ಬೇರೆಯೇ ಮಾದರಿಯಿದೆ. ಅರಿವಳಿಕೆಯಲ್ಲಿರುವ ಹಂದಿಮರಿಯ ಸಣ್ಣ ಕರುಳನ್ನು ಹಲವು ತುಂಡುಗಳಾಗಿ ಬೇರ್ಪಡಿಸಿ, ಕೆಲವಕ್ಕೆ ಭೇದಿ ತರುವ ಈ-ಕೋಲೈ ಬ್ಯಾಕ್ಟೀರಿಯಾದ ಸೋಂಕು ತಗುಲಿಸಿ, ಪ್ರತಿಯೊಂದರೊಳಗೂ ದ್ರವ ಹಾಯಿಸಿ, ಎಷ್ಟು ಒಳಗೆ ಹೀರಿತು, ಎಷ್ಟು ಹೊರಗೆ ಸುರಿಯಿತು ಎಂದು ನೋಡುತ್ತಾರೆ. ಒಂದೇ ಪ್ರಾಣಿಯಲ್ಲಿ ಹಲವು ಹೋಲಿಕೆಗಳು ಸಾಧ್ಯ; ಮರಿಗೆ ಮತ್ತೆ ಎಚ್ಚರವಾಗಲು ಬಿಡುವುದಿಲ್ಲ.

ಹಿಂಸೆಯ ಪ್ರಶ್ನೆಯನ್ನು ತೇಲಿಸಿಬಿಡುವಂತಿಲ್ಲ. ಕೊಳವೆಯ ಸುತ್ತ ಸೋರಿದ ಜೀರ್ಣರಸ ಚರ್ಮವನ್ನು ಸುಡುತ್ತದೆ. ದಿನವೂ ತೊಳೆದು, ಒರೆಸಿ, ಸತುವಿನ ಆಕ್ಸೈಡ್ ಮುಲಾಮು ಹಚ್ಚಬೇಕು. ನೋವುನಿವಾರಕ, ನೈತಿಕ ಸಮಿತಿಯ ಒಪ್ಪಿಗೆ, ಪ್ರಯೋಗ ನಿಲ್ಲಿಸುವ ಹಂತದ ಪೂರ್ವನಿರ್ಧಾರ ಇವು ಕಡ್ಡಾಯವಾಗಿರಬೇಕು. ಕೊಂದು ಮಾದರಿ ತೆಗೆಯುವ ವಿಧಾನದಲ್ಲಿ ಈ ದೀರ್ಘ ಬಾಧೆಯಿಲ್ಲ, ಆದರೆ ಒಂದು ಹಂದಿಯಿಂದ ಒಂದೇ ಸಲ ಮಾದರಿ ಸಿಗುತ್ತದೆ. ಕ್ಯಾನುಲಾ ಇರುವ ಹಂದಿಗೆ ಸರದಿಯಂತೆ ಹಲವು ಆಹಾರ ಕೊಟ್ಟು ಪರೀಕ್ಷಿಸಬಹುದಾದ್ದರಿಂದ ಕಡಿಮೆ ಪ್ರಾಣಿಗಳು ಸಾಕಾಗುತ್ತವೆ.