ಕ್ಲಾಟ್‌: ಕೊನೆಯ ಪ್ರಶ್ನೆಗಳು ಉಳಿದುಬಿಡುತ್ತಿದ್ದರೆ

ತುಮಕೂರಿನಿಂದ ಬೆಂಗಳೂರಿಗೆ ದಿನಾ ಓಡಾಡುತ್ತಾ, ಮಕ್ಕಳು ಮಲಗಿದ ಮೇಲೆ ಓದಿಯೂ ಕ್ಲಾಟ್‌ನ (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಮಾದರಿ ಪರೀಕ್ಷೆ ಮುಗಿಯುತ್ತಿಲ್ಲ ಎಂದರೆ, ಕೊರತೆ ಕಾನೂನು ಜ್ಞಾನದ್ದಲ್ಲ, ಬಹುಶಃ ಇಂಗ್ಲಿಷ್ ಓದಿನ ವೇಗದ್ದು. 120 ನಿಮಿಷಕ್ಕೆ 120 ಪ್ರಶ್ನೆ, ಅವೂ ಉದ್ದುದ್ದ ಗದ್ಯಭಾಗಗಳ ಮೇಲೆ.

ಮೊದಲು, ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ. ಪತ್ರಿಕೆ ಮಡಚಿ, ಲೇಖಕರ ವಾದವನ್ನು ಅಂಚಿನಲ್ಲಿ ಒಂದೇ ಸಾಲಿಗೆ ಇಳಿಸಿ (ಸೀಟು ಸಿಗದಿದ್ದರೆ ಮನಸ್ಸಿನಲ್ಲೇ). ಪ್ರಚಲಿತ ವಿದ್ಯಮಾನದ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಎರಡು ವಾರದಲ್ಲಿ ವೇಗ ಹೆಚ್ಚದಿದ್ದರೆ ನನ್ನ ಊಹೆ ತಪ್ಪಿರಬಹುದು.

ರಾತ್ರಿ ಹೊಸ ಪಾಠ ಬೇಡ. ಗಡಿಯಾರ ಎದುರಿಗಿಟ್ಟು ಕಾನೂನು ತರ್ಕದ ಒಂದೆರಡು ಗದ್ಯಭಾಗ ಸಾಕು. ಕೊಟ್ಟ ನಿಯಮವನ್ನಷ್ಟೇ ಅನ್ವಯಿಸಿ, ನಿಮ್ಮ ನ್ಯಾಯಬುದ್ಧಿಯನ್ನಲ್ಲ. ಭಾನುವಾರ ಮಧ್ಯಾಹ್ನ 2ರಿಂದ 4ರವರೆಗೆ ಪೂರ್ಣ ಮಾದರಿ ಪರೀಕ್ಷೆ ಬರೆಯಿರಿ. ತಪ್ಪು ಉತ್ತರಕ್ಕೆ 0.25 ಅಂಕ ಹೋಗುತ್ತದೆ.

ಪದವಿ ಮುಗಿದಿದ್ದರೆ ತುಮಕೂರಿನಲ್ಲೇ ಮೂರು ವರ್ಷದ ಎಲ್‌ಎಲ್‌ಬಿ ಇದೆ; ಅದಕ್ಕೆ ಕ್ಲಾಟ್ ಬೇಕಿಲ್ಲ.